ಕೋಲ್ಡ್ ಸ್ಟೋರೇಜ್ ಲೆಕ್ಕ ಆಕ್ಸೆಸ್‌ನಲ್ಲಿದೆ, ಎಕ್ಸೆಲ್‌ಗೂ ಟ್ಯಾಲಿಗೂ ಕೊಡೋದು ಹೇಗೆ?

ಪ್ರಶ್ನೆ: ಸರ್, ನಮ್ಮದು ವಿಜಯಪುರದ ಹತ್ತಿರ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್. ರೈತರ ಹೆಸರು, ಲಾಟ್ ನಂಬರ್, ಬಂದ ಬಾಕ್ಸ್, ಹೋದ ಬಾಕ್ಸ್, ಬಾಡಿಗೆ ಎಲ್ಲವೂ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿವೆ. ಬಹಳ ವರ್ಷದ ಹಿಂದೆ ಒಬ್ಬರು ಮಾಡಿಕೊಟ್ಟ ಫೈಲ್. ಹೆಸರುಗಳು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಆಗಿವೆ. ದಿನಾ ಸಂಜೆ ನಾನು ಎಕ್ಸೆಲ್‌ಗೆ ತೆಗೆದು ಪೆನ್‌ಡ್ರೈವ್‌ನಲ್ಲಿ ಮಾಲೀಕರಿಗೆ ಒಂದು, ಟ್ಯಾಲಿ ನೋಡುವವರಿಗೆ ಒಂದು ಕೊಡುತ್ತೇನೆ. ಮೂರೂ ಕಡೆ ಲೆಕ್ಕ ಹೊಂದುತ್ತಿಲ್ಲ. ಒಡಿಬಿಸಿ ಮೂಲಕ ನೇರ ಜೋಡಿಸಬಹುದು ಅಂದರು. ಮಾಲೀಕರ ಲ್ಯಾಪ್‌ಟಾಪ್‌ನಲ್ಲಿ ಮಾಡಿದರೆ 'ಆರ್ಕಿಟೆಕ್ಚರ್ ಮಿಸ್‌ಮ್ಯಾಚ್' ಎಂಬ ಎರರ್. ನನ್ನ ಕಂಪ್ಯೂಟರ್‌ನಲ್ಲಿ ಬಂತು, ಆದರೆ ಹೆಸರೆಲ್ಲ ಗೀಚಿದ ಹಾಗಿದೆ, ಟೇಬಲ್‌ನಿಂದ ಬಾಡಿಗೆ ಲೆಕ್ಕ ಆರಿಸಿ ಕೊಡುವ ಬಾಡಿಗೆ ಕ್ವೆರಿ ಬರುವುದೇ ಇಲ್ಲ. ದಾರಿ ತೋರಿಸಿ. ಯಾರಾದರೂ ಡೇಟಾ ಕೆಡಿಸಿಬಿಟ್ಟರೆ ಎಂಬ ಭಯವೂ ಇದೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪೆನ್‌ಡ್ರೈವ್. ಎರರ್‌ಗಳನ್ನು ಆಮೇಲೆ ನೋಡೋಣ. ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಗೆ ನಾನು ಇಂಥದ್ದೇ ಕೆಲಸಕ್ಕೆ ಹೋಗಿದ್ದೆ. ಅಲ್ಲೂ ದಿನಾ ಸಂಜೆ ಪ್ರತಿ ತೆಗೆಯುತ್ತಿದ್ದರು. ಸಂಜೆ ಆರಕ್ಕೆ ಪ್ರತಿ ಹೋಯಿತು, ಏಳಕ್ಕೆ ಒಂದು ಲಾರಿ ಹೊರಟಿತು. ಆ ಲಾರಿ ಮೂಲ ಫೈಲ್‌ನಲ್ಲಿ ಸೇರಿತು, ಪ್ರತಿಯಲ್ಲಿ ಇರಲಿಲ್ಲ. ಬೆಳಿಗ್ಗೆ ಬಿಲ್ ಮಾಡುವವರು ಅದನ್ನು ಕೈಯಿಂದ ಸೇರಿಸಿದರು, ಮರುದಿನದ ಪ್ರತಿಯಲ್ಲಿ ಅದು ಮತ್ತೆ ಬಂತು. ಒಂದೇ ಲೋಡ್‌ಗೆ ಎರಡು ಬಿಲ್! ಯಾರೂ ತಪ್ಪು ಮಾಡಿರಲಿಲ್ಲ. ಲೆಕ್ಕ ಎರಡು ಕಡೆ ಬದುಕಲು ಶುರು ಮಾಡಿದರೆ ಹೀಗೇ ಆಗುತ್ತದೆ. ನಿಮ್ಮಲ್ಲಿ ಮೂರು ಕಡೆ ಬದುಕುತ್ತಿದೆ.

ಹಾಗಾಗಿ ಒಡಿಬಿಸಿ ದಾರಿ ನಿಮಗೆ ಸರಿಯಾದ ದಾರಿಯೇ. ಒಡಿಬಿಸಿ ಅಂದರೆ ಒಂದು ಪ್ರೋಗ್ರಾಂ ಇನ್ನೊಂದರ ಡೇಟಾವನ್ನು ನೇರವಾಗಿ ಕೇಳಿ ಓದಲು ಇರುವ ಒಪ್ಪಂದ. ಇದಕ್ಕೆ ದುಡ್ಡು ಕೊಟ್ಟು ಏನೂ ಕೊಳ್ಳಬೇಕಿಲ್ಲ. ಡೇಟಾ ಒಂದೇ ಕಡೆ ಇರುತ್ತದೆ, ಬೇಕಾದವರು ಬಂದು ಓದಿಕೊಂಡು ಹೋಗುತ್ತಾರೆ.

ಇದು ಕೆಲಸ ಮಾಡುವುದು ಹೇಗೆ ಅಂತ ಒಂದು ಸಲ ತಿಳಿದುಕೊಂಡರೆ ಎರರ್‌ಗಳು ತಾವಾಗಿಯೇ ಅರ್ಥವಾಗುತ್ತವೆ. ನಿಮ್ಮದೇ ವ್ಯಾಪಾರ ತೆಗೆದುಕೊಳ್ಳಿ. ಹೊರ ಊರಿನಿಂದ ಬಂದ ಖರೀದಿದಾರ ಪ್ರತಿ ರೈತರ ಮನೆ ಹುಡುಕಿಕೊಂಡು ಹೋಗುವುದಿಲ್ಲ. ದಲಾಲಿ ಅಂಗಡಿಗೆ ಬರುತ್ತಾನೆ. ಯಾವ ರೈತರ ಮಾಲು ಎಲ್ಲಿದೆ, ಅವರ ಹತ್ತಿರ ಹೇಗೆ ಮಾತಾಡಬೇಕು ಎಂಬುದು ಅಂಗಡಿಯವರಿಗೆ ಗೊತ್ತು. ಡ್ರೈವರ್ ಎಂಬುದು ಈ ಅಂಗಡಿ. ಆಕ್ಸೆಸ್ ಫೈಲ್ ಒಳಗೆ ಮಾಹಿತಿ ಹೇಗೆ ಕೂತಿದೆ ಅಂತ ಅದಕ್ಕೆ ಗೊತ್ತು. ಎಕ್ಸೆಲ್‌ಗೆ ಗೊತ್ತಿರಬೇಕಿಲ್ಲ. ಎಕ್ಸೆಲ್ ಎಸ್‌ಕ್ಯುಎಲ್ ಎಂಬ, ಡೇಟಾ ಕೇಳುವ ಭಾಷೆಯಲ್ಲಿ 'ಈ ಟೇಬಲ್‌ನ ಈ ಕಾಲಂ ಕೊಡು' ಅಂತ ಕೇಳುತ್ತದೆ, ಡ್ರೈವರ್ ತಂದುಕೊಡುತ್ತದೆ. ನಡುವೆ ಡ್ರೈವರ್ ಮ್ಯಾನೇಜರ್ ಅಂತ ಒಂದಿದೆ, ವಿಂಡೋಸ್ ಜೊತೆಗೇ ಬರುತ್ತದೆ. ಯಾವ ಮಾಲಿಗೆ ಯಾವ ಅಂಗಡಿ ಅಂತ ಅದು ಹೇಳುತ್ತದೆ. ಮೈಕ್ರೋಸಾಫ್ಟ್ ಒಡಿಬಿಸಿಯನ್ನು 1992ರಲ್ಲಿ ಹೊರತಂದಿತು. 30 ವರ್ಷ ದಾಟಿದರೂ ಇವತ್ತಿಗೂ ಎಕ್ಸೆಲ್, ಲಿಬ್ರೆ ಆಫೀಸ್, ಪೈಥಾನ್, ಟ್ಯಾಲಿ ಎಲ್ಲವಕ್ಕೂ ಇದು ಅರ್ಥವಾಗುತ್ತದೆ. ಅಷ್ಟು ಗಟ್ಟಿ ಒಪ್ಪಂದ ಇದು.

ಈಗ ಮಾಲೀಕರ ಲ್ಯಾಪ್‌ಟಾಪ್‌ನ ಎರರ್. ಇದು 32 ಬಿಟ್, 64 ಬಿಟ್ ಜಗಳ. ಕೇಳುವ ಪ್ರೋಗ್ರಾಂ 64 ಬಿಟ್ ಆಗಿದ್ದರೆ ಡ್ರೈವರ್ ಕೂಡ 64 ಬಿಟ್ಟೇ ಇರಬೇಕು. ಒಂದು 32, ಇನ್ನೊಂದು 64 ಆದರೆ ಮಾತೇ ಆಡುವುದಿಲ್ಲ. ನಿಮ್ಮ ಹಳೇ ಕಂಪ್ಯೂಟರ್‌ನಲ್ಲಿ 32 ಬಿಟ್ ಆಫೀಸ್ ಇದ್ದೀತು, ಅವರ ಹೊಸ ಲ್ಯಾಪ್‌ಟಾಪ್‌ನಲ್ಲಿ 64 ಇದ್ದೀತು. ಆಫೀಸ್ 2019ರಿಂದ ನಾವು ಬೇರೆ ಹೇಳದಿದ್ದರೆ 64 ಬಿಟ್ಟೇ ಇನ್‌ಸ್ಟಾಲ್ ಆಗುತ್ತದೆ. ಎಕ್ಸೆಲ್ ತೆರೆದು ಫೈಲ್, ಅಕೌಂಟ್, ಅಬೌಟ್ ಎಕ್ಸೆಲ್ ಒತ್ತಿ. ಬರುವ ಕಿಟಕಿಯ ಮೇಲಿನ ಸಾಲಿನಲ್ಲೇ 32 ಬಿಟ್ ಅಥವಾ 64 ಬಿಟ್ ಅಂತ ಬರೆದಿರುತ್ತದೆ. ವಿಂಡೋಸ್ 64 ಬಿಟ್ ಇದೆ ಅಂದಮಾತ್ರಕ್ಕೆ ಆಫೀಸ್ 64 ಅಂತ ತಿಳಿಯಬೇಡಿ. ಇಲ್ಲಿ ಲೆಕ್ಕಕ್ಕೆ ಬರುವುದು ಆಫೀಸ್.

ಇನ್ನು ವಿಂಡೋಸ್‌ನ ಸ್ಟಾರ್ಟ್‌ನಲ್ಲಿ 'ಒಡಿಬಿಸಿ' ಅಂತ ಹುಡುಕಿ. ಎರಡು ಸಿಗುತ್ತವೆ, ಒಂದರ ಮುಂದೆ 32, ಒಂದರ ಮುಂದೆ 64 ಅಂತ ಇರುತ್ತದೆ. ಎಕ್ಸೆಲ್ ಯಾವುದೋ ಅದನ್ನೇ ತೆರೆಯಿರಿ. ಹಳೇ ಸೂಚನೆ ನೋಡಿ ಫೋಲ್ಡರ್‌ಗೆ ಹೋಗಿ ತೆರೆಯುವವರು ಇಲ್ಲೇ ಎಡವುತ್ತಾರೆ. ಸಿಸ್ಟಮ್32 ಎಂಬ ಫೋಲ್ಡರ್‌ನಲ್ಲಿ ಇರುವುದು 64 ಬಿಟ್‌ನದು, ಸಿಸ್‌ವಾವ್64 ಎಂಬ ಫೋಲ್ಡರ್‌ನಲ್ಲಿ ಇರುವುದು 32 ಬಿಟ್‌ನದು. ಹೆಸರು ಪೂರಾ ತಿರುಗುಮುರುಗು. ಮೇಲಾಗಿ ಎರಡೂ ಕಡೆ ಪ್ರೋಗ್ರಾಂನ ಫೈಲ್ ಹೆಸರು ಒಂದೇ. ನಾನು ಶುರುವಿನ ದಿನಗಳಲ್ಲಿ ಇದರ ಮೇಲೆ ಇಡೀ ಮಧ್ಯಾಹ್ನ ಕಳೆದಿದ್ದೇನೆ. ನೀವು ಕಳೆಯಬೇಡಿ.

ತೆರೆದ ಮೇಲೆ ಡ್ರೈವರ್ಸ್ ಎಂಬ ಟ್ಯಾಬ್ ನೋಡಿ. ಅಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ ಡ್ರೈವರ್ ಅಂತ ಇದ್ದು, ಆವರಣದಲ್ಲಿ ಎಂಡಿಬಿ (ಹಳೇ ಬಗೆಯ ಆಕ್ಸೆಸ್ ಫೈಲ್), ಎಸಿಸಿಡಿಬಿ (ಹೊಸ ಬಗೆಯದು) ಎರಡೂ ಹೆಸರು ಇರಬೇಕು. ಬರೀ ಎಂಡಿಬಿ ಇದ್ದರೆ ಅದು ಹಳೇ ಜೆಟ್ ಡ್ರೈವರ್. ಅದು 32 ಬಿಟ್‌ನಲ್ಲಿ ಮಾತ್ರ ಸಿಗುತ್ತದೆ, ಆಕ್ಸೆಸ್ 2007ರಿಂದ ಬಂದ ಎಸಿಸಿಡಿಬಿ ಫೈಲ್ ಓದುವುದಿಲ್ಲ. ಸರಿಯಾದ ಡ್ರೈವರ್ ಇಲ್ಲದಿದ್ದರೆ ಮೈಕ್ರೋಸಾಫ್ಟ್‌ನವರೇ ಉಚಿತವಾಗಿ ಕೊಡುವ ಆಕ್ಸೆಸ್ ಡೇಟಾಬೇಸ್ ಎಂಜಿನ್ ಹಾಕಿಕೊಳ್ಳಿ. ಅದರಲ್ಲೂ ಎರಡು ಬಗೆ ಇವೆ, ಆಫೀಸ್‌ಗೆ ಹೊಂದುವ ಬಿಟ್ ಆರಿಸಿ. ಹೊಂದದೇ ಇರುವುದನ್ನು ಹಾಕಲು ಹೋದರೆ ಅದು ತಾನೇ ತಕರಾರು ತೆಗೆಯುತ್ತದೆ. ಇದಕ್ಕೆ ಬಲವಂತದ ಉಪಾಯ ಹೇಳುವವರು ಇದ್ದಾರೆ. ಮಾಲೀಕರ ಲ್ಯಾಪ್‌ಟಾಪ್‌ನಲ್ಲಿ ಆ ಸಾಹಸ ಬೇಡ.

ಡ್ರೈವರ್ ಸಿಕ್ಕ ಮೇಲೆ ಡಿಎಸ್‌ಎನ್ ಮಾಡಬೇಕು. ಫೈಲ್ ಎಲ್ಲಿದೆ, ಯಾವ ಡ್ರೈವರ್ ಅಂತ ಬರೆದಿಟ್ಟ ವಿಳಾಸದ ಚೀಟಿ ಇದು. ಸಿಸ್ಟಮ್ ಡಿಎಸ್‌ಎನ್ ಎಂಬ ಟ್ಯಾಬ್‌ನಲ್ಲಿ ಮಾಡಿ. ಯೂಸರ್ ಡಿಎಸ್‌ಎನ್ ಆದರೆ ಮಾಡಿದವರ ಲಾಗಿನ್‌ಗೆ ಮಾತ್ರ ಕಾಣುತ್ತದೆ. ಜೊತೆಗೆ ಅದು 32, 64 ಎರಡೂ ಕಿಟಕಿಗಳಲ್ಲಿ ಕಾಣಿಸಿ ಸುಮ್ನೆ ಗೊಂದಲ ಮಾಡುತ್ತದೆ. ಫೈಲ್‌ನ ವಿಳಾಸ ಕೊಡುವಾಗ 'ಝಡ್ ಡ್ರೈವ್' ಅಂತ ಕೊಡಬೇಡಿ. ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ನಿಮ್ಮ ಕಂಪ್ಯೂಟರ್ ಹೆಸರಿನಿಂದ ಶುರುವಾಗುವ ಪೂರ್ತಿ ವಿಳಾಸ ಕೊಡಿ. ಡ್ರೈವ್ ಅಕ್ಷರ ಒಬ್ಬೊಬ್ಬರ ಕಂಪ್ಯೂಟರ್‌ನಲ್ಲಿ ಒಂದೊಂದು ಇರುತ್ತದೆ.

ಈಗ ನಿಮ್ಮ ಬಾಡಿಗೆ ಕ್ವೆರಿ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದರೆ ಇಡೀ ಕೆಲಸದ ಜೀವ ಇರುವುದು ಇಲ್ಲೇ.

ಡ್ರೈವರ್‌ಗೆ ಆಕ್ಸೆಸ್‌ನ ಟೇಬಲ್ ಗೊತ್ತು, ಸೇವ್ ಮಾಡಿದ ಕ್ವೆರಿ ಗೊತ್ತು. ಅಷ್ಟೇ. ಫಾರ್ಮ್ ಗೊತ್ತಿಲ್ಲ, ರಿಪೋರ್ಟ್ ಗೊತ್ತಿಲ್ಲ, ಆಕ್ಸೆಸ್ ಒಳಗೆ ಬರೆದ ವಿಬಿಎ ಪ್ರೋಗ್ರಾಂ ಕೋಡ್ ಗೊತ್ತಿಲ್ಲ. ನಿಮ್ಮ ಬಾಡಿಗೆ ಕ್ವೆರಿಯನ್ನು ಡಿಸೈನ್ ವ್ಯೂನಲ್ಲಿ ತೆರೆದು ಕ್ರೈಟೀರಿಯಾ ಸಾಲು ನೋಡಿ. 'ಫಾರ್ಮ್ಸ್' ಅಂತ ಶುರುವಾಗಿ ಆಶ್ಚರ್ಯ ಚಿಹ್ನೆ ಇರುವ ಏನಾದರೂ ಇದೆಯಾ? ಇದ್ದರೆ, 'ತೆರೆದಿರುವ ಫಾರ್ಮ್‌ನಲ್ಲಿ ಬರೆದ ತಾರೀಕು ತಗೋ' ಅಂತ ಅದರ ಅರ್ಥ. ಆಕ್ಸೆಸ್ ಒಳಗೆ ನೀವು ಫಾರ್ಮ್ ತೆರೆದು ತಾರೀಕು ಹಾಕುತ್ತೀರಿ, ಕ್ವೆರಿ ಓಡುತ್ತದೆ. ಎಕ್ಸೆಲ್‌ನಿಂದ ಕೇಳಿದಾಗ ಆ ಫಾರ್ಮ್ ಎಲ್ಲಿದೆ? ಇಲ್ಲವೇ ಇಲ್ಲ. ಆಗ ಕ್ವೆರಿ ಪಟ್ಟಿಯಲ್ಲೇ ಕಾಣುವುದಿಲ್ಲ, ಇಲ್ಲವೇ 'ಟೂ ಫ್ಯೂ ಪ್ಯಾರಾಮೀಟರ್ಸ್, ಎಕ್ಸ್‌ಪೆಕ್ಟೆಡ್ 1' ಎಂಬ ಎರರ್ ಬರುತ್ತದೆ.

ಫಾರ್ಮ್ ಹೆಸರು ಇಲ್ಲದಿದ್ದರೆ ಲೆಕ್ಕದ ಕಾಲಂ ನೋಡಿ. ಮಾಡಿಕೊಟ್ಟವರು ಬಾಡಿಗೆ ಲೆಕ್ಕಕ್ಕೆ ತಮ್ಮದೇ ಒಂದು ಫಂಕ್ಷನ್ ಬರೆದಿರಬಹುದು. ಖಾಲಿ ಜಾಗಕ್ಕೆ ಸೊನ್ನೆ ಹಾಕುವ ಎನ್‌ಝಡ್ ಎಂಬ ಫಂಕ್ಷನ್ ಅಂತೂ ಬಹಳ ಕಡೆ ಇರುತ್ತದೆ. ಇವು ಆಕ್ಸೆಸ್ ಒಳಗೆ ಮಾತ್ರ ಓಡುತ್ತವೆ. ಹೊರಗಿನಿಂದ ಕೇಳಿದರೆ 'ಅನ್‌ಡಿಫೈನ್ಡ್ ಫಂಕ್ಷನ್' ಎನ್ನುತ್ತದೆ. ಎನ್‌ಝಡ್ ಇದ್ದ ಕಡೆ ಐಐಎಫ್ ಮತ್ತು ಈಸ್ ನಲ್ ಸೇರಿಸಿ ಬರೆದರೆ ಎರಡೂ ಕಡೆ ಓಡುತ್ತದೆ. ಇನ್ನೊಂದು ಗುಟ್ಟಾದ ತೊಂದರೆ ಹೇಳುತ್ತೇನೆ, ಇದಕ್ಕೆ ಎರರ್ ಕೂಡ ಬರುವುದಿಲ್ಲ. 'ತಿಕೋಟಾ ಅಂತ ಶುರುವಾಗುವ ಊರು' ಎನ್ನಲು ಆಕ್ಸೆಸ್‌ನಲ್ಲಿ ಲೈಕ್ ಜೊತೆ ನಕ್ಷತ್ರ ಚಿಹ್ನೆ ಹಾಕುತ್ತೇವೆ. ಒಡಿಬಿಸಿ ಮೂಲಕ ಬಂದಾಗ ಅದೇ ಕೆಲಸಕ್ಕೆ ಶೇಕಡಾ ಚಿಹ್ನೆ ಬೇಕು. ನಕ್ಷತ್ರ ಇರುವ ಕ್ವೆರಿ ಸುಮ್ಮನೆ ಖಾಲಿ ಬರುತ್ತದೆ. ತಿಕೋಟಾದ ಮಾಲೇ ಇಲ್ಲ ಅಂತ ಮಾಲೀಕರು ತಿಳಿದುಬಿಟ್ಟಾರು! ಲೈಕ್ ಬದಲು ಅಲೈಕ್ ಬರೆದು ಶೇಕಡಾ ಚಿಹ್ನೆ ಹಾಕಿದರೆ ಒಳಗೂ ಹೊರಗೂ ಒಂದೇ ಉತ್ತರ ಬರುತ್ತದೆ.

ಆದ್ದರಿಂದ ನನ್ನ ಸಲಹೆ: ಈಗಿರುವ ಕ್ವೆರಿಗಳನ್ನು ಮುಟ್ಟಬೇಡಿ. ಹೊರಗಿನವರಿಗೆ ಅಂತಲೇ ಹೊಸದಾಗಿ ಎರಡು ಮೂರು ಕ್ವೆರಿ ಮಾಡಿ. ಹೆಸರಿನ ಮುಂದೆ 'ಹೊರಗೆ' ಎಂಬ ಅರ್ಥದ ಒಂದು ಗುರುತು ಇರಲಿ. ಮಾಲೀಕರಿಗೆ ಇವತ್ತಿನ ಸ್ಟಾಕ್ ಬೇಕು: ಲಾಟ್ ನಂಬರ್, ರೈತರ ನಂಬರ್, ಊರು, ಒಳಬಂದ ಬಾಕ್ಸ್, ಹೊರಹೋದ ಬಾಕ್ಸ್, ಉಳಿದದ್ದು. ಅಷ್ಟು ಮಾತ್ರ ಹಾಕಿ. ಫೋನ್ ನಂಬರ್, ಬ್ಯಾಂಕ್ ಖಾತೆ ನಂಬರ್ ಆ ಕ್ವೆರಿಯೊಳಗೆ ಬೇಡ. ರೈತರು ನಂಬಿ ಕೊಟ್ಟದ್ದು ಅದು. ಬಾಡಿಗೆಗೆ ತಾರೀಕಿನ ಕ್ರೈಟೀರಿಯಾ ತೆಗೆದುಹಾಕಿ, ಎಲ್ಲ ಸಾಲೂ ಕೊಡಿ. ಯಾವ ತಿಂಗಳು ಬೇಕು ಅಂತ ಅವರು ಎಕ್ಸೆಲ್‌ನಲ್ಲೇ ಫಿಲ್ಟರ್ ಮಾಡಿಕೊಳ್ಳಲಿ. ಮುಂದೆ ಯಾವತ್ತಾದರೂ ಒಳಗಿನ ಟೇಬಲ್ ಬದಲಾದರೂ ಈ ಕ್ವೆರಿಯ ಕಾಲಂ ಹೆಸರು ಹಾಗೇ ಉಳಿಸಿದರೆ ಸಾಕು, ಹೊರಗಿನ ಯಾರ ಎಕ್ಸೆಲ್ ಶೀಟೂ ಕೆಡುವುದಿಲ್ಲ.

ಇನ್ನು ಗೀಚಿದ ಹಾಗೆ ಕಾಣುವ ಹೆಸರು. ಇದರಲ್ಲಿ ಡ್ರೈವರ್‌ನ ತಪ್ಪೇನೂ ಇಲ್ಲ. ಹಳೇ ನುಡಿಯಲ್ಲಿ ನಾವು 'ಕ' ಒತ್ತಿದಾಗ ಫೈಲ್‌ನಲ್ಲಿ ಕೂತದ್ದು ಕನ್ನಡದ 'ಕ' ಆಗಿರಲಿಲ್ಲ. ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಇನ್ನೊಂದು ಚಿಹ್ನೆ ಕೂತಿತ್ತು. ನುಡಿ ಫಾಂಟ್ ಅದಕ್ಕೆ ಕನ್ನಡದ ರೂಪ ತೊಡಿಸಿ ತೋರಿಸುತ್ತಿತ್ತು. ಡ್ರೈವರ್ ಅಕ್ಷರಗಳನ್ನು ಸಾಗಿಸುತ್ತದೆ, ಫಾಂಟ್ ಸಾಗಿಸುವುದಿಲ್ಲ. ಎಕ್ಸೆಲ್‌ನಲ್ಲಿ ಆ ಕಾಲಂಗೆ ನುಡಿ ಫಾಂಟ್ ಕೊಟ್ಟು ನೋಡಿ, ಹೆಸರು ಮತ್ತೆ ಕಾಣುತ್ತದೆ. ಇವತ್ತಿನ ಮಟ್ಟಿಗೆ ಅಷ್ಟು ಸಾಕು. ಆದರೆ ಮೊಬೈಲ್‌ನಲ್ಲಿ ಕಾಣುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಲ್ಲಿ ಜೋಡಿಸಿದರೆ ಕ್ರಮ ತಪ್ಪುತ್ತದೆ.

ಪಕ್ಕಾ ಪರಿಹಾರ ಯೂನಿಕೋಡ್, ಅಂದರೆ ಕನ್ನಡದ 'ಕ'ವನ್ನು 'ಕ' ಅಂತಲೇ ಇಟ್ಟುಕೊಳ್ಳುವ ಕ್ರಮ. ಆಕ್ಸೆಸ್ 2000ದಿಂದಲೇ ಯೂನಿಕೋಡ್ ಇಟ್ಟುಕೊಳ್ಳುತ್ತದೆ, ಹಾಗಾಗಿ ಫೈಲ್ ಬದಲಿಸಬೇಕಿಲ್ಲ. ರೈತರ ಟೇಬಲ್‌ನಲ್ಲಿ ಹಳೇ ಹೆಸರಿನ ಕಾಲಂ ಹಾಗೇ ಬಿಡಿ, ಪಕ್ಕದಲ್ಲಿ ಹೊಸ ಕಾಲಂ ಒಂದು ಸೇರಿಸಿ. ಹೆಸರುಗಳನ್ನು ರೈತರ ನಂಬರ್ ಸಮೇತ ಹೊರತೆಗೆದು, ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ನಂಬರ್ ಹಿಡಿದು ವಾಪಸ್ ತುಂಬಿ. ಆಮೇಲೆ ಒಂದು ಸಲ ಕೂತು ಓದಲೇಬೇಕು. ಅರ್ಕಾವತ್ತು ಇರುವ ಹೆಸರು ಜಾಸ್ತಿ ಕೆಡುತ್ತವೆ. ಈರಣ್ಣ, ಮಲ್ಲಪ್ಪ ಸಾಮಾನ್ಯವಾಗಿ ಸರಿ ಬರುತ್ತವೆ, ಅರ್ಜುನ, ದುರ್ಗಪ್ಪ ಇಂಥವನ್ನು ಕಣ್ಣಿಟ್ಟು ನೋಡಿ. ಹೆಸರು ತಪ್ಪಾಗಿ ಮುದ್ರಿಸಿದ ರಶೀದಿ ಕೈಗೆ ಬಂದರೆ ರೈತರಿಗೆ ಬೇಜಾರಾಗುತ್ತದೆ, ಅಲ್ವಾ? ಎಲ್ಲ ಸರಿ ಅನಿಸಿದ ಮೇಲೆ ಹೊರಗಿನ ಕ್ವೆರಿಯಲ್ಲಿ ಹೊಸ ಕಾಲಂ ಕೊಡಿ.

ಎರಡು ಪಟ್ಟಿ ಹೊಂದಿಸುವಾಗ ಹೆಸರಿನ ಮೇಲೆ ಯಾವತ್ತೂ ಹೊಂದಿಸಬೇಡಿ. ಒಂದೇ ಊರಲ್ಲಿ ಮೂವರು ಬಸಪ್ಪ ಇರುತ್ತಾರೆ ಎಂಬುದು ಒಂದು ಕಾರಣ. ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಜೋಡಣೆಯ ಗುರುತುಗಳೂ ಇವೆ. 'ರಾಜ್‌ಕುಮಾರ್' ಎಂದು ಬರೆಯುವಾಗ ಜ ಕಾರದ ಕೆಳಗೆ ಕ ಒತ್ತು ಬೀಳದಂತೆ ನಡುವೆ ಅಂಥದ್ದೊಂದು ಸೇರುತ್ತದೆ. 'ಸುರೇಶ್' ಎಂದು ಬರೆದಾಗ ಕೊನೆಯಲ್ಲೂ ಅದು ಅಂಟಿಕೊಂಡಿರಬಹುದು. ಒಬ್ಬರ ಟೈಪಿಂಗ್‌ನಲ್ಲಿ ಇದ್ದು ಇನ್ನೊಬ್ಬರದರಲ್ಲಿ ಇಲ್ಲದಿದ್ದರೆ ನಮ್ಮ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ರೈತರ ನಂಬರ್, ಲಾಟ್ ನಂಬರ್ ಹಿಡಿದೇ ಹೊಂದಿಸಿ.

ಈಗ ನಿಮ್ಮ ಭಯದ ಮಾತು. ಡಿಎಸ್‌ಎನ್ ಮಾಡುವ ಕಿಟಕಿಯಲ್ಲಿ ಆಪ್ಷನ್ಸ್ ಒತ್ತಿದರೆ 'ರೀಡ್ ಓನ್ಲಿ' ಅಂತ ಒಂದು ಚೌಕ ಇದೆ. ಟಿಕ್ ಮಾಡಿ. ಆ ಡಿಎಸ್‌ಎನ್ ಮೂಲಕ ಬಂದವರು ಕೈತಪ್ಪಿ ಬರೆಯುವುದು ನಿಲ್ಲುತ್ತದೆ. ಆದರೆ ಇದು ಬೀಗ ಅಂತ ನಂಬಬೇಡಿ. ಆಕ್ಸೆಸ್ ಫೈಲನ್ನು ಹಲವರು ಒಟ್ಟಿಗೆ ತೆರೆದಾಗ ಅದರ ಪಕ್ಕದಲ್ಲಿ ಒಂದು ಲಾಕ್ ಫೈಲ್ ಹುಟ್ಟುತ್ತದೆ, ಎಲ್ಲರೂ ಹೊರಹೋದಾಗ ಅಳಿಯುತ್ತದೆ. ಅದಕ್ಕಾಗಿ ಓದಲು ಬರುವವರಿಗೂ ಆ ಫೋಲ್ಡರ್‌ನಲ್ಲಿ ಬರೆಯುವ, ಅಳಿಸುವ ಹಕ್ಕು ಕೊಡಬೇಕಾಗುತ್ತದೆ. ಹಕ್ಕು ಇದ್ದವರು ಮನಸ್ಸು ಮಾಡಿದರೆ ಇಡೀ ಫೈಲನ್ನೇ ನಕಲು ಮಾಡಬಹುದು, ಅಳಿಸಲೂಬಹುದು. ಎಸಿಸಿಡಿಬಿಯಲ್ಲಿ ಇಡೀ ಫೈಲ್‌ಗೆ ಒಂದು ಪಾಸ್‌ವರ್ಡ್ ಹಾಕಬಹುದು. ಇವರು ಈ ಟೇಬಲ್ ಮಾತ್ರ ನೋಡಲಿ ಎಂಬ ವ್ಯವಸ್ಥೆ ಅದರಲ್ಲಿ ಇಲ್ಲ. ಆ ಪಾಸ್‌ವರ್ಡನ್ನು ಎಕ್ಸೆಲ್‌ನ ಕನೆಕ್ಷನ್ ಜೊತೆ ಸೇವ್ ಮಾಡಬೇಡಿ, ತೆರೆದು ನೋಡಿದವರಿಗೆ ಅದು ಹಾಗೇ ಕಾಣುತ್ತದೆ.

ಮಾಲೀಕರು ಮತ್ತು ಲೆಕ್ಕದವರು, ಇಬ್ಬರೂ ನಂಬಿಕಸ್ಥರು. ಸದ್ಯಕ್ಕೆ ಅವರಿಗೆ ಇದು ಸಾಕು. ದಿನಾ ಬ್ಯಾಕಪ್ ಒಂದು ತಪ್ಪಿಸಬೇಡಿ. ಓದುವವರು ಜಾಸ್ತಿಯಾದರೆ, ಹೊರಗಿನವರಿಗೆ ತೋರಿಸುವ ಮಾತು ಬಂದರೆ, ಟೇಬಲ್‌ಗಳನ್ನು ಮೈಕ್ರೋಸಾಫ್ಟ್‌ನದೇ ಡೇಟಾಬೇಸ್ ಸರ್ವರ್ ಆದ ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್‌ಗೆ ಸಾಗಿಸಿ. ಅದೂ ಉಚಿತವೇ. ನಿಮ್ಮ ಫಾರ್ಮ್, ರಿಪೋರ್ಟ್ ಆಕ್ಸೆಸ್‌ನಲ್ಲೇ ಇರುತ್ತವೆ, ಟೇಬಲ್‌ಗಳು ಲಿಂಕ್ಡ್ ಟೇಬಲ್ ಆಗಿ ಅದೇ ಒಡಿಬಿಸಿ ಮೂಲಕ ಬರುತ್ತವೆ. ಆಗ ಒಬ್ಬೊಬ್ಬರಿಗೆ ಬೇರೆ ಲಾಗಿನ್, ಯಾರು ಏನು ಓದಬಹುದು ಎಂಬ ನಿಜವಾದ ಬೀಗ ಸಿಗುತ್ತದೆ. ಆಕ್ಸೆಸ್ ಫೈಲ್‌ಗೆ ಇರುವ 2 ಜಿಬಿ ಮಿತಿಯ ಚಿಂತೆಯೂ ಹೋಗುತ್ತದೆ. ನಿಮ್ಮ ಫೈಲ್ ಎಷ್ಟು ದೊಡ್ಡದಾಗಿದೆ ಅಂತ ಇವತ್ತೇ ನೋಡಿಕೊಳ್ಳಿ.

ಟ್ಯಾಲಿ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ಬಹಳ ಜನರಿಗಿದೆ. ಟ್ಯಾಲಿಯಲ್ಲೂ ಒಡಿಬಿಸಿ ಇದೆ, ಸಾಮಾನ್ಯವಾಗಿ 9000ನೇ ಪೋರ್ಟ್‌ನಲ್ಲಿ. ಟ್ಯಾಲಿ ತೆರೆದು ಕಂಪನಿ ಲೋಡ್ ಆಗಿದ್ದರೆ ಎಕ್ಸೆಲ್‌ನಿಂದ ಲೆಡ್ಜರ್ ಪಟ್ಟಿ, ಬಾಕಿ ಎಲ್ಲ ಓದಬಹುದು. ಆದರೆ ಅದು ಓದಲು ಮಾತ್ರ. ಬಾಡಿಗೆ ಬಿಲ್ಲನ್ನು ಆ ದಾರಿಯಲ್ಲಿ ಟ್ಯಾಲಿಯೊಳಗೆ ತಳ್ಳಲು ಆಗುವುದಿಲ್ಲ. ಒಳಗೆ ಹಾಕಲು ಟ್ಯಾಲಿಯ ಇಂಪೋರ್ಟ್ ಬಳಸಬೇಕು. ಹೊರಗಿನ ಬಾಡಿಗೆ ಕ್ವೆರಿಯನ್ನು ಎಕ್ಸೆಲ್‌ಗೆ ತಂದು, ಅಲ್ಲಿಂದ ಇಂಪೋರ್ಟ್‌ಗೆ ಬೇಕಾದ ರೂಪಕ್ಕೆ ತಂದರೆ ಆಯಿತು. ಪ್ರತಿ ಬಿಲ್‌ಗೆ ನಿಮ್ಮ ಆಕ್ಸೆಸ್‌ನ ಬಿಲ್ ನಂಬರ್ ಜೊತೆಗೆ ಹೋಗಲಿ. ಎರಡು ಸಲ ಹೋದರೆ ಆ ನಂಬರ್‌ನಿಂದ ಸಿಕ್ಕಿಬೀಳುತ್ತದೆ. ಆ ಫೌಂಡ್ರಿಯಲ್ಲಿ ಹೀಗೆ ಮಾಡಿದ ಮೇಲೆ ಎರಡು ಬಿಲ್ಲಿನ ತೊಂದರೆ ಮತ್ತೆ ಬರಲಿಲ್ಲ.

ಎಕ್ಸೆಲ್‌ನಲ್ಲಿ ಡೇಟಾ ಟ್ಯಾಬ್, ಗೆಟ್ ಡೇಟಾ, ಅದರ್ ಸೋರ್ಸಸ್, ಫ್ರಮ್ ಒಡಿಬಿಸಿ. ನಿಮ್ಮ ಡಿಎಸ್‌ಎನ್ ಆರಿಸಿ, ಹೊರಗಿನ ಕ್ವೆರಿ ಆರಿಸಿ. ಕನೆಕ್ಷನ್ ಪ್ರಾಪರ್ಟೀಸ್‌ನಲ್ಲಿ 'ಫೈಲ್ ತೆರೆದಾಗ ರಿಫ್ರೆಶ್ ಮಾಡು' ಎಂಬುದಕ್ಕೆ ಟಿಕ್ ಹಾಕಿ. ನಿಮಿಷ ನಿಮಿಷಕ್ಕೂ ರಿಫ್ರೆಶ್ ಬೇಡ. ಗೇಟ್‌ನಲ್ಲಿ ಟ್ರ್ಯಾಕ್ಟರ್ ಸಾಲು ನಿಂತು ನೀವು ಎಂಟ್ರಿ ಮಾಡುತ್ತಿರುವಾಗ ಅದು ನಿಮ್ಮ ಕೆಲಸವನ್ನೇ ನಿಧಾನ ಮಾಡುತ್ತದೆ.

ಇನ್ನೊಂದು. ಮಾಲೀಕರು ಲ್ಯಾಪ್‌ಟಾಪ್ ಅಂದರೆ ವೈಫೈನಲ್ಲಿ ಇರುತ್ತಾರೆ. ಆಕ್ಸೆಸ್ ಫೈಲ್ ತೆರೆದಿರುವಾಗ ವೈಫೈ ಕಡಿದು ಕಡಿದು ಬಂದರೆ ಫೈಲ್ ಕೆಡುವ ಸಾಧ್ಯತೆ ನಿಜಕ್ಕೂ ಇದೆ. ಕೋಲ್ಡ್ ಸ್ಟೋರೇಜ್‌ನ ದಪ್ಪ ಗೋಡೆಗಳ ನಡುವೆ ಸಿಗ್ನಲ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಗೂಗಲ್ ಡ್ರೈವ್ ಫೋಲ್ಡರ್‌ನಲ್ಲಿ ಫೈಲ್ ಇಟ್ಟು ಹಂಚಿಕೊಳ್ಳುವ ಯೋಚನೆಯೂ ಬೇಡ, ಅದು ಇನ್ನೂ ಬೇಗ ಕೆಡಿಸುತ್ತದೆ. ನಿಮ್ಮ ಟೇಬಲ್‌ನಿಂದ ಮಾಲೀಕರ ಕೋಣೆಗೆ ಒಂದು ನೆಟ್‌ವರ್ಕ್ ಕೇಬಲ್ ಎಳೆಸಿ, ನಿಮ್ಮ ಕಂಪ್ಯೂಟರ್‌ಗೆ ಯುಪಿಎಸ್ ಇದೆಯಾ ನೋಡಿ. ಆಮೇಲೆ ಡಿಎಸ್‌ಎನ್ ಮಾಡಲು ಕೂತುಕೊಳ್ಳಿ.